ವಿವಾಹದ ಕೇಕೂ ಅದರ ಬಿಳಿಯ ಹೊದಿಕೆಯೂ

ವಿವಾಹಕಾಲದಲ್ಲಿ ವಧೂವರರು ಒಂದೇ ಚೂರಿಯನ್ನು ಹಿಡಿದು ಕೇಕೆಂಬ ಭಕ್ಷ್ಯವನ್ನು ಕತ್ತರಿಸುವ ವಾಡಿಕೆಯು ನಮ್ಮ ಸೀಮೆಯ ಕ್ರೈಸ್ತಬಾಂಧವರಲ್ಲಿ ಬಹುಕಾಲದಿಂದ ಇರತಕ್ಕುದು. ಈಚೆಗೆ ಅದು ಇತರರ ಮನೆಗಳ ಆರತಕ್ಷತೆಗಳಿಗೂ ಕಾಲಿಟ್ಟಿರುವುದು. ಕೇಕಿನ ಅಂತಸ್ತುಗಳು ಏರಿದಂತೆ ಬೆಲೆಯೂ ಏರುವುದಷ್ಟೆ. ಮಿತವಾದ ವರಮಾನದ ಗೃಹಸ್ಥನು ಮಗಳ ಆಸೆಗೂ ತನ್ನ ಕೈಚೀಲಕ್ಕೂ ನಡುವೆ ಸಿಕ್ಕಿ ಹಿಂದುಮುಂದು ನೋಡುತ್ತಿರುವಾಗ ಬೇಕರಿಯವನು ಒಂದುಪಾಯವನ್ನು ಹೇಳಿಕೊಡುವನು: ಕೆಳಗಿನ ಒಂದಂತಸ್ತು ಮಾತ್ರ ತಿನ್ನತಕ್ಕ ಕೇಕು, ಮೇಲಿನವೆಲ್ಲವೂ ಥರ್ಮೊಕೋಲಿನ ತುಂಡುಗಳ ಮೇಲೆ ಬಳಿದ ಸಕ್ಕರೆ. ಇದನ್ನು ಕೇಳಿ ಮಂಗಳಕಾರ್ಯದಲ್ಲಿ ಇಂತಹ ಕಪಟವೇ ಎಂದು ಮೂಗುಮುರಿಯುವವರುಂಟು. ಆದರೆ ಈ ಭಕ್ಷ್ಯವು ಬೆಳೆದುಬಂದ ಬಗೆಯನ್ನು ಅದರ ದೇಶದ ಚರಿತ್ರೆಯಲ್ಲಿ ನೋಡಿದವರಿಗೆ ಆ ಆಕ್ಷೇಪವು ಬಲವುಳ್ಳದ್ದೆಂದು ತೋರಲಾರದು.

ಮೊದಲು ಅದರ ಪೂರ್ವಜನನ್ನು ನೋಡೋಣ. ಪ್ರಾಚೀನ ರೋಮಕರಲ್ಲಿ ಕುಲೀನರ ವಿವಾಹವಿಧಿಯೊಂದಕ್ಕೆ ಕನ್‌ಫರ್ರಿಯೇಷಿಯೋ ಎಂದು ಹೆಸರು. ಹತ್ತು ಮಂದಿ ಸಾಕ್ಷಿಗಳ ಎದುರಿಗೆ, ಜ್ಯೂಪಿಟರ್ ದೇವತೆಗೆ 'ಫಾರ್' ಎಂಬ ಧಾನ್ಯದ ರೊಟ್ಟಿಯನ್ನು ಅರ್ಪಿಸಿ ನಡೆಯತಕ್ಕ ವಿಧಿಯಿದು. ಕ್ರಿಸ್ತಶಕದ ಎರಡನೆಯ ಶತಮಾನದ ಧರ್ಮಶಾಸ್ತ್ರಜ್ಞನಾದ ಗೈಯಸನು ಇದನ್ನು ಹೇಳಿರುವನು. ಈ 'ಫಾರ್' ಎಂಬುದು ಉತ್ತರ ಕರ್ಣಾಟಕದಲ್ಲಿ ಜವೆಗೋಧಿಯೆಂದು ಕರೆಯುವ ಹೊಟ್ಟುಗೋಧಿಯ ಜಾತಿಯದು. ಋಗ್ವೇದದಲ್ಲಿ ಘೃತಸಹಿತವಾದ ಅಪೂಪವನ್ನು ದೇವತೆಗೆ ಅರ್ಪಿಸುವ ಪ್ರಸ್ತಾಪವು ಬಂದಿರುವುದನ್ನು ಬಲ್ಲ ವಾಚಕರಿಗೆ ಈ ರೊಟ್ಟಿಯು ಅಪರಿಚಿತವೆನಿಸದು. ಅದರಲ್ಲಿ ಸಕ್ಕರೆಯ ಗಂಧವೂ ಇರಲಿಲ್ಲ. ಬಡವನ ಮನೆಯ ಹಿಟ್ಟಿನಿಂದಲೂ ಅದನ್ನು ಸುಡಬಹುದಾಗಿದ್ದಿತು. ದುಬಾರಿಯಾಗಿದ್ದುದು ಕುಲವೇ ಹೊರತು ರೊಟ್ಟಿಯಲ್ಲ.

ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದವರೆಗೂ ವಿವಾಹದ ಭಕ್ಷ್ಯವೆಂದರೆ ಸಿಹಿಯೇ ಆಗಬೇಕೆಂಬ ನಿಯಮವಿರಲಿಲ್ಲ. ರಾಬರ್ಟ್ ಮೇ ಎಂಬ ಪಾಕಶಾಸ್ತ್ರಜ್ಞನು 1660ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 'ವಧುವಿನ ಪೈ' ಎಂಬುದೊಂದನ್ನು ವರ್ಣಿಸಿರುವನು. ಹಿಟ್ಟಿನ ಚಿಪ್ಪುಗಳೊಳಗೆ ಹುಂಜದ ಜುಟ್ಟು, ಸಿಂಪಿಯ ಮಾಂಸ ಮೊದಲಾದವುಗಳನ್ನು ತುಂಬಿದ ಹಲವು ಪೈಗಳನ್ನು ಒಂದೇ ತಳದ ಮೇಲೆ ಕೂಡಿಸುವುದು; ಒಂದು ಚಿಪ್ಪಿನಲ್ಲಿ ಮಾತ್ರ ಜೀವಂತವಾದ ಹಕ್ಕಿಗಳನ್ನೋ ಹಾವನ್ನೋ ಇಟ್ಟು, ಕತ್ತರಿಸಿದಾಗ ನೆಂಟರು ಬೆಚ್ಚಿಬೀಳುವಂತೆ ಮಾಡುವುದು! ಶಾಕಾಹಾರಿಯಾದ ಈ ಲೇಖಕನು ಇದರ ರುಚಿಯ ವಿಚಾರದಲ್ಲಿ ಮೌನವಾಗಿರುವುದೇ ಲೇಸು. ಆದರೆ ತಿನ್ನುವುದಕ್ಕಲ್ಲದೆ ನೋಡುವುದಕ್ಕಾಗಿಯೇ ಇರತಕ್ಕ ಒಂದು ಭಾಗವು 1660ರಷ್ಟು ಹಿಂದೆಯೇ ಮದುವೆಯ ಭಕ್ಷ್ಯದಲ್ಲಿ ಸೇರಿದ್ದಿತೆಂಬುದನ್ನು ಲಕ್ಷ್ಯದಲ್ಲಿಡಬೇಕು.

ಇಂದಿನ ರೂಪದ ಕೇಕಿಗೆ ಒಂದು ಖಚಿತವಾದ ತೇದಿಯನ್ನು ಕೊಡುವುದಾದರೆ ಅದು 1769. ಆ ವರ್ಷ ಮ್ಯಾಂಚೆಸ್ಟರಿನಲ್ಲಿ ಮಿಠಾಯಿಯಂಗಡಿಯನ್ನು ನಡೆಸುತ್ತಿದ್ದ ಎಲಿಜಬೆತ್ ರಫಾಲ್ಡ್ ಎಂಬಾಕೆಯು ತನ್ನ ಪಾಕಗ್ರಂಥದಲ್ಲಿ ವಧುವಿನ ಕೇಕಿನ ವಿಧಾನವನ್ನು ಬರೆದಳು. ನಾಲ್ಕು ಪೌಂಡು ಹಿಟ್ಟು, ನಾಲ್ಕು ಪೌಂಡು ಬೆಣ್ಣೆ, ಎರಡು ಪೌಂಡು ಸಕ್ಕರೆ, ಪೌಂಡು ಹಿಟ್ಟಿಗೆ ಎಂಟರಂತೆ 32 ಮೊಟ್ಟೆಗಳು, ನಾಲ್ಕು ಪೌಂಡು ಒಣದ್ರಾಕ್ಷಿ, ಮೇಲೆ ಬಾದಾಮಿ, ಸಕ್ಕರೆಯಲ್ಲಿ ಪಾಕವಾದ ಕಿತ್ತಳೆ ನಿಂಬೆಗಳ ಸಿಪ್ಪೆ, ಜಾಯಿಕಾಯಿ, ಜಾಪತ್ರೆ, ಬ್ರಾಂದಿ. ಅಡಿಗೆಸೋಡವಾಗಲಿ ಇತರ ಪುಡಿಗಳಾಗಲಿ ಇಲ್ಲದ ಆ ಕಾಲದಲ್ಲಿ ಕೇಕು ಉಬ್ಬಬೇಕಾದರೆ ಮೊಟ್ಟೆಯನ್ನು ನೊರೆಯಾಗುವವರೆಗೆ ಕಡೆಯುವ ತೋಳ್ಬಲವೇ ಗತಿ. ಈ ಪಿಂಡವನ್ನು ಸುಟ್ಟ ಮೇಲೆ ಮೊದಲು ಬಾದಾಮಿಯ ಲೇಪ, ಅದರ ಮೇಲೆ ಮೊಟ್ಟೆಯ ಬಿಳಿಯ ಲೋಳೆಯೊಡನೆ ಕಡೆದ ನುಣುಪು ಸಕ್ಕರೆಯ ಲೇಪ. ಈ ಎರಡನೆಯದೇ ನಮ್ಮ ಕಥೆಯ ನಾಯಕ.

ಸಕ್ಕರೆಯು ಆಗ ಶಂಕುವಿನಾಕಾರದ ಗಟ್ಟಿಗಳಾಗಿ ಮಾರಾಟವಾಗುತ್ತಿದ್ದಿತು. ಸಂಕ್ರಾಂತಿಯ ಸಕ್ಕರೆ ಅಚ್ಚುಗಳನ್ನು ಹಿರಿದುಮಾಡಿ ನೆನೆದರೆ ಅದರ ರೂಪವು ಮನಸ್ಸಿಗೆ ಬಂದೀತು. ಶೋಧನೆ ಹೆಚ್ಚಿದಷ್ಟೂ ಬಿಳುಪು, ಬಿಳುಪು ಹೆಚ್ಚಿದಷ್ಟೂ ಬೆಲೆ. ಆದ್ದರಿಂದ ಅಪ್ಪಟ ಬಿಳಿಯ ಹೊದಿಕೆಯುಳ್ಳ ಕೇಕೆಂದರೆ, ಈ ಮನೆಯವರು ಉತ್ತಮೋತ್ತಮ ಸಕ್ಕರೆಯನ್ನು ಕೊಳ್ಳಬಲ್ಲರೆಂಬ ಡಂಗುರ. ಶುಭ್ರವರ್ಣವು ಕನ್ಯೆಯ ಪಾವಿತ್ರ್ಯದ ಗುರುತೆಂಬ ವ್ಯಾಖ್ಯಾನವಿದ್ದರೂ ಅಂಗಡಿಯ ಲೆಕ್ಕದ ಪುಸ್ತಕವೇ ಹೆಚ್ಚು ನಂಬತಕ್ಕ ಭಾಷ್ಯಕಾರನೆಂದು ನನ್ನ ಮತ.

'ಶುಗರ್' ಎಂಬುದು ನಮ್ಮ 'ಶರ್ಕರಾ' ಶಬ್ದವೇ ಪಾರಸಿ ಅರಬ್ಬೀ ಭಾಷೆಗಳ ಮಾರ್ಗವಾಗಿ ಹೋಗಿ ತಳೆದ ರೂಪ; 'ಕ್ಯಾಂಡಿ' ಎಂಬುದರಲ್ಲಿ 'ಖಂಡ' ಶಬ್ದವು ಅಡಗಿರುವುದು. ಹೆಸರು ಭರತಖಂಡದ್ದಾದರೂ ರಫಾಲ್ಡಳ ಕಾಲದ ಇಂಗ್ಲೆಂಡಿಗೆ ಸಕ್ಕರೆಯು ಬರುತ್ತಿದ್ದುದು ವೆಸ್ಟ್ ಇಂಡೀಸ್ ದ್ವೀಪಗಳಿಂದ. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿ ಕಬ್ಬು ಕಡಿದು, ಗಾಣದಲ್ಲಿ ಕೈಕಾಲುಗಳನ್ನು ಕಳೆದುಕೊಂಡು, ಕೊಪ್ಪರಿಗೆಗಳ ಮುಂದೆ ಬೆಂದು ಅದನ್ನು ಸಿದ್ಧಪಡಿಸುತ್ತಿದ್ದರು. ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು 1791ರಲ್ಲಿ ಪಾರ್ಲಿಮೆಂಟು ತಳ್ಳಿಹಾಕಿದಾಗ ಅನೇಕ ಸಾವಿರ ಮನೆಗಳವರು ಸಕ್ಕರೆಯನ್ನೇ ತ್ಯಜಿಸಿದರು. ಕೆಲವರು ಗುಲಾಮರ ಕೈಸೋಕದ್ದೆಂದು ಹೇಳಿ ಮಾರುತ್ತಿದ್ದ ನಮ್ಮ ದೇಶದ ಸಕ್ಕರೆಯನ್ನು ತರಿಸಿಕೊಂಡರು. ಗುಲಾಮಗಿರಿಯನ್ನೇ ರದ್ದುಪಡಿಸುವ ಶಾಸನವಾದದ್ದು 1833ರಲ್ಲಿ. ಅಲ್ಲಿಯವರೆಗೆ, ಮಗಳ ಮದುವೆಗೆ ಯಾವ ಕೇಕು ಎಂಬ ಪ್ರಶ್ನೆಯಲ್ಲಿ ಹಣಕ್ಕಿಂತ ಭಾರವಾದ ಮತ್ತೊಂದು ಲೆಕ್ಕವೂ ಸೇರಿದ್ದಿತು.

ವಿಕ್ಟೋರಿಯಾ ರಾಣಿಯು 1840ರ ಫೆಬ್ರವರಿ 10ರಂದು ವಿವಾಹವಾದಾಗ ಕೇಕಿನ ತೂಕ 300 ಪೌಂಡು, ಎಂದರೆ ಸುಮಾರು 136 ಕಿಲೋಗ್ರಾಂ. ಸುತ್ತಳತೆ ಮೂರು ಗಜ, ದಪ್ಪ 14 ಅಂಗುಲ. ಬಂಡಿಯ ಚಕ್ರದಂತಹ ಇದರ ಮೇಲೆ ಬ್ರಿಟಾನಿಯಾ ದೇವಿಯು ವಧೂವರರನ್ನು ಹರಸುತ್ತಿರುವ ಸಕ್ಕರೆಯ ಪ್ರತಿಮೆ. ಇದರ ಒಣಗಿದ ಒಂದು ತುಂಡು 2016ರಲ್ಲಿ ಹರಾಜಿನಲ್ಲಿ 1500 ಪೌಂಡು ಹಣಕ್ಕೆ ಮಾರಿತು! ಆಕೆಯ ಹಿರಿಯ ಮಗಳ ವಿವಾಹದಲ್ಲಿ, 1858ರಲ್ಲಿ, ಕೇಕು ಗೋಪುರದಂತೆ ಮೇಲಕ್ಕೇರಿತು. ಇಲ್ಲೊಂದು ಗುಟ್ಟುಂಟು: ಅದರಲ್ಲಿ ಕೇಕಾಗಿದ್ದುದು ಬುಡದ ಅಂತಸ್ತು ಮಾತ್ರ, ಮೇಲಿನದೆಲ್ಲ ಬರಿಯ ಸಕ್ಕರೆಯ ಶಿಲ್ಪ. ಎಲ್ಲ ಅಂತಸ್ತುಗಳೂ ನಿಜವಾದ ಕೇಕಾಗಿದ್ದುದು 1882ರಲ್ಲಿ, ರಾಜಕುಮಾರ ಲಿಯೋಪೋಲ್ಡನ ವಿವಾಹದಲ್ಲಿ. ಥರ್ಮೊಕೋಲಿನ ಅಂತಸ್ತನ್ನು ನೋಡಿ ನಗುವವರು ಚಕ್ರವರ್ತಿನಿಯ ಮನೆಯ ಈ ಸಂಗತಿಯನ್ನು ನೆನೆಯಬಹುದು.

ಸಕ್ಕರೆಯ ಮೇಲಣ ಸುಂಕವು 1874ರಲ್ಲಿ ರದ್ದಾಯಿತು. ಯೂರೋಪಿನಲ್ಲಿ ಬೀಟುಗೆಡ್ಡೆಯ ಸಕ್ಕರೆಯೂ ಹೇರಳವಾಯಿತು. ಬೆಲೆಯಿಳಿದಂತೆ ಬಿಳಿಯ ಕೇಕು ಅರಮನೆಯಿಂದ ಗುಮಾಸ್ತರ, ಕುಶಲಕರ್ಮಿಗಳ ಮನೆಗೆ ಇಳಿಯಿತು. ಮೊದಲು ಇದ್ದರೆ ಭೂಷಣವಾಗಿದ್ದ ವಸ್ತುವು ಈಗ ಇಲ್ಲದಿದ್ದರೆ ಅವಮಾನವೆನ್ನುವಂತಾಯಿತು. ಮೇಲಿನ ಅಂತಸ್ತನ್ನು ಮುಂದೆ ಹುಟ್ಟುವ ಮಗುವಿನ ನಾಮಕರಣಕ್ಕೆ ತೆಗೆದಿಡುವ ಪದ್ಧತಿಯೂ ಬಳಕೆಗೆ ಬಂದಿತು. ಹಣ್ಣು ಬ್ರಾಂದಿಗಳ ಕೇಕು ಬಹುಕಾಲ ಕೆಡದಾದ್ದರಿಂದ ಒಂದು ಖರ್ಚಿನಲ್ಲಿ ಎರಡು ಶುಭಕಾರ್ಯಗಳು; ಜಾಣೆಯಾದ ಗೃಹಿಣಿಯ ಯೋಜನೆಯೇ ಸರಿ.

ಎರಡನೆಯ ಮಹಾಯುದ್ಧದಲ್ಲಿ ಈ ವೈಭವಕ್ಕೆಲ್ಲ ಏಕಕಾಲದಲ್ಲಿ ತಡೆ ಬಿದ್ದಿತು. 1940ರ ಜನವರಿಯಲ್ಲಿ ಸಕ್ಕರೆಗೆ ಪಡಿತರವಾಯಿತು: ತಲೆಗೆ ವಾರಕ್ಕೆ 12 ಔನ್ಸು, ಬಳಿಕ 8 ಔನ್ಸು. ಅದೇ ವರ್ಷದ ಆಗಸ್ಟಿನಿಂದ ಸುಟ್ಟ ಕೇಕಿನ ಮೇಲೆ ಸಕ್ಕರೆಯ ಲೇಪವನ್ನು ಹಚ್ಚುವುದೇ ಕಾನೂನಿಗೆ ವಿರುದ್ಧವೆಂದಾಯಿತು. ಮದುವೆಗಳು ನಿಲ್ಲಲಿಲ್ಲ, ಯುದ್ಧಭೂಮಿಗೆ ಹೊರಟುನಿಂತ ವರನಿಗೆ ಮುಂದಿನ ವರ್ಷವೆಂಬ ಭರವಸೆಯೆಲ್ಲಿ? ನೆರೆಹೊರೆಯವರು ತಂತಮ್ಮ ಪಾಲಿನ ಒಣದ್ರಾಕ್ಷಿಯನ್ನೂ ಬೆಣ್ಣೆಯನ್ನೂ ಚಮಚದಷ್ಟು ಚಮಚದಷ್ಟು ತಂದು ಕೊಟ್ಟರು. ಹಸಿಯ ಮೊಟ್ಟೆಯ ಬದಲು ಮೊಟ್ಟೆಯ ಪುಡಿ, ಸಿಹಿಗೆ ಗಜ್ಜರಿ. ಹೀಗೆ ಒದಗಿದ ಅಂಗೈಯಗಲದ ಕಂದು ಕೇಕಿನ ಮೇಲೆ, ರಟ್ಟಿನಿಂದಲೋ ಸುಣ್ಣಗಾರೆಯಿಂದಲೋ ಮಾಡಿದ ಮೂರಂತಸ್ತಿನ ಬಿಳಿಯ ಹೊದಿಕೆಯನ್ನು ಬೇಕರಿಯಿಂದ ಬಾಡಿಗೆಗೆ ತಂದು ಕವುಚಿಹಾಕುತ್ತಿದ್ದರು. ಛಾಯಾಚಿತ್ರವನ್ನು ತೆಗೆದಾದ ಮೇಲೆ ಅದನ್ನು ಎತ್ತಿ ಒಳಗಿನದನ್ನು ಹಂಚುವುದು. ನೆರೆದವರೆಲ್ಲರಿಗೂ ಅದು ರಟ್ಟೆಂದು ತಿಳಿದಿದ್ದಿತು. ತಿಳಿದವರ ನಡುವೆ ಕಪಟವೆಂಬುದು ಹೇಗೆ ಸಂಭವಿಸೀತು? ಆ ಮನೆಗಳಲ್ಲಿ ಚಮಚ ಬೆಣ್ಣೆಯನ್ನು ತಂದುಕೊಟ್ಟವಳೇ ಪಂಕ್ತಿಯ ಮುಖ್ಯ ಅತಿಥಿ.

ಯುದ್ಧವು ಮುಗಿದರೂ ಪಡಿತರವು ಮುಗಿಯಲಿಲ್ಲ. ರಾಜಕುಮಾರಿ ಎಲಿಜಬೆತ್ತಳ ವಿವಾಹಕ್ಕೆ, 1947ರ ನವೆಂಬರ್ 20ರಂದು, ಒಂಬತ್ತಡಿ ಎತ್ತರದ, 500 ಪೌಂಡು ತೂಕದ ಕೇಕು ನಿಂತಿತು. ಅದರ ಸಾಮಗ್ರಿಗಳನ್ನು ಆಸ್ಟ್ರೇಲಿಯದ ಗರ್ಲ್ ಗೈಡ್ ಬಾಲಿಕೆಯರು ಕಳುಹಿಸಿದ್ದರು. ಅಂದರೆ ರಾಜಪುತ್ರಿಯ ಕೇಕಿಗೂ ಸಾಮಾನ್ಯಳ ಕೇಕಿಗೂ ವಿಧಾನವು ಒಂದೇ, ನೆರೆಹೊರೆಯ ವಿಸ್ತಾರವು ಮಾತ್ರ ಬೇರೆ. ಇಂಗ್ಲೆಂಡಿನಲ್ಲಿ ಸಕ್ಕರೆಯ ಪಡಿತರವು ನಿಂತದ್ದು 1953ರ ಸೆಪ್ಟೆಂಬರಿನಲ್ಲಿ. ಆ ರಟ್ಟಿನ ಗೋಪುರಗಳಲ್ಲಿ ಹಲವು ಅಷ್ಟರೊಳಗೆ ಒಬ್ಬ ವಧುವಿನ ಮನೆಯಿಂದ ಮತ್ತೊಬ್ಬಳ ಮನೆಗೆ ತಿರುಗಿ ತಿರುಗಿ ಅಂಚು ಸವೆದುಹೋಗಿದ್ದುವು. ಉಳಿದ ಕೆಲವನ್ನು ಆ ದೇಶದವರು ವಸ್ತುಸಂಗ್ರಹಾಲಯಗಳಲ್ಲಿ ಕಾಪಾಡಿಕೊಂಡಿರುವರು.