ಮುಳುಗಡೆ, ಕಾಲೇಜು ಮತ್ತು ಬಾಡಿಗೆ ಖೋಲಿ

ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಹಳ್ಳಿಗಳಲ್ಲಿ ಕೇಳುವ ಮಾತು ಒಂದೇ: "ಬಾಗಲಕೋಟ್ಯಾಗ ಖೋಲಿ ಸಿಗತೈತೇನು, ಬಾಡಗಿ ಎಷ್ಟು?" ಈ ಬಾಡಿಗೆಗೂ ಒಂದು ಇತಿಹಾಸವಿದೆ.

ಬಾಗಲಕೋಟೆಯ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿದ್ದು 1906ರಲ್ಲಿ. 1963ರಲ್ಲಿ ಅದರ ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಕಾಲೇಜುಗಳಿರುವ ವಿದ್ಯಾಗಿರಿಯಲ್ಲಿ ಖೋಲಿಗೆ ಬೇಡಿಕೆ ಬೆಳೆಯಿತು.

1964ರಲ್ಲಿ ಆಲಮಟ್ಟಿ ಜಲಾಶಯಕ್ಕೆ ಅಡಿಗಲ್ಲು ಬಿತ್ತು. ಮುಂದೆ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೇ ಊರಿನ ತಗ್ಗು ಭಾಗ ಮುಳುಗಿತು. ಜನ ನವನಗರದ ಸೆಕ್ಟರ್‌ಗಳಿಗೆ ಬಂದರು. 1997ರಲ್ಲಿ ಜಿಲ್ಲೆಯಾಯಿತು, ಕಚೇರಿಗಳು ಬಂದವು. 2002ರಲ್ಲಿ ಮೆಡಿಕಲ್ ಕಾಲೇಜು, 2008ರಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯ ಬಂದವು. ನೌಕರರು, ವಿದ್ಯಾರ್ಥಿಗಳು ಇಬ್ಬರಿಗೂ ಮನೆ ಬೇಕಾಯಿತು. ಮನೆ ಕಳೆದುಕೊಂಡು ಬಂದವರಿಗೆ ಹೊಸ ಮನೆಯ ಮೇಲಿನ ಮಹಡಿಯೇ ತಿಂಗಳ ಆದಾಯವಾಯಿತು.

ಬಾದಾಮಿಯ ಲೆಕ್ಕ ಬೇರೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಗುಹೆ, ಅಗಸ್ತ್ಯ ತೀರ್ಥದ ಮಗ್ಗುಲಿನ ಓಣಿಗಳಲ್ಲಿ ಇದ್ದ ಮನೆಯಲ್ಲೇ ಹೊಂದಿಕೊಳ್ಳಬೇಕು. ಇಳಕಲ್ಲಿನಲ್ಲಿ ಸೀರೆ ನೇಯುವವರಿಗೆ ಖೋಲಿ ಸಾಲದು, ಮಗ್ಗಕ್ಕೂ ಜಾಗ ಬೇಕು. ಕುಣಿಮಗ್ಗವಾದರೆ ನೆಲ ಅಗೆಯಬೇಕು. ಅದಕ್ಕೆ ಮಾಲೀಕರು ಒಪ್ಪಬೇಕು.

ಹುನಗುಂದ–ಇಳಕಲ್ ಹತ್ತಿರದ ಊರುಗಳು. ಇಲ್ಲಿ ಖೋಲಿಗೆ ಎದುರಾಳಿ ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಬಾಡಿಗೆ ಉಳಿಯುತ್ತದೆ. ಬಾರದ ಹಳ್ಳಿಯ ಹುಡುಗಿಗೆ ಖೋಲಿ ಹಿಡಿಯಬೇಕು, ಇಲ್ಲವೇ ಓದು ಬಿಡಬೇಕು.

ಖೋಲಿ ಹಿಡಿಯುವವರು ಕರಾರು ಬರೆಸಿಕೊಳ್ಳಿ, ಡಿಪಾಜಿಟ್‌ಗೆ ರಸೀದಿ ಕೇಳಿ. 11 ತಿಂಗಳ ಕರಾರು ಯಾಕೆಂದರೆ, ಒಂದು ವರ್ಷ ಮೀರಿದ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು.

ಕೃಷ್ಣಾ ಎರಡನೇ ನ್ಯಾಯಾಧಿಕರಣ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರ್‌ನಿಂದ 524.256 ಮೀಟರ್‌ಗೆ ಏರಿಸಲು ಒಪ್ಪಿತು. ನೀರು ಅಷ್ಟಕ್ಕೆ ಏರಿದರೆ ಬಾಗಲಕೋಟೆಯ ಇನ್ನಷ್ಟು ಓಣಿಗಳು ಜಾಗ ಬಿಡಬೇಕು. ಮನೆ ಇದ್ದವರ ಪರಿಹಾರದ ಮಾತು ಎಲ್ಲರೂ ಆಡುತ್ತಾರೆ. ಅದೇ ಮನೆಯಲ್ಲಿ ಬಾಡಿಗೆಗಿರುವವರ ಮಾತನ್ನೂ ಈಗಲೇ ಎತ್ತಬೇಕು ಎಂಬುದು ನಮ್ಮ ಅನಿಸಿಕೆ.