ಅರುಣಾ ಆಸಫ್ ಅಲಿ: ರಾಜ್ಯಪಾಲರ ಪತ್ನಿಯ ಸ್ವತಂತ್ರ ಹಾದಿ

1948ರಲ್ಲಿ ಆಸಫ್ ಅಲಿಯವರು ಒರಿಸ್ಸಾದ ರಾಜ್ಯಪಾಲರಾದರು. ಅದೇ ವರ್ಷ ಅವರ ಪತ್ನಿ ಅರುಣಾ ಕಾಂಗ್ರೆಸ್ ತೊರೆದು ಸಮಾಜವಾದಿ ಪಕ್ಷ ಸೇರಿದರು. ಪತಿ ಸರಕಾರದ ಉನ್ನತ ಹುದ್ದೆಯಲ್ಲಿ, ಪತ್ನಿ ವಿರೋಧ ಪಕ್ಷದಲ್ಲಿ! ರಾಜ್ಯಪಾಲರ ಪತ್ನಿಯೆಂದರೆ ಸಮಾರಂಭಗಳಲ್ಲಿ ಪತಿಯ ಪಕ್ಕ ಕೂರುವವರು ಎಂಬ ನಮ್ಮ ಕಲ್ಪನೆಗೆ ಈ ಮಹಿಳೆ ಎಂದೂ ಒಗ್ಗಿದವರಲ್ಲ.

ಅರುಣಾ ಗಂಗೂಲಿ ಹುಟ್ಟಿದ್ದು 1909ರಲ್ಲಿ, ಕಾಲ್ಕಾದ ಬಂಗಾಳಿ ಬ್ರಹ್ಮಸಮಾಜದ ಕುಟುಂಬದಲ್ಲಿ. ಕಲ್ಕತ್ತಾದಲ್ಲಿ ಶಿಕ್ಷಕಿಯಾಗಿದ್ದರು. 1928ರಲ್ಲಿ, ತಮಗಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿರಿಯರಾದ ದೆಹಲಿಯ ವಕೀಲ ಆಸಫ್ ಅಲಿಯವರನ್ನು ಮದುವೆಯಾದರು. ಧರ್ಮ ಬೇರೆ, ವಯಸ್ಸಿನ ಅಂತರ ಬೇರೆ, ಬಂಧುಗಳು ವಿರೋಧಿಸಿದರು. ಅರುಣಾ ಜಗ್ಗಲಿಲ್ಲ.

ಉಪ್ಪಿನ ಸತ್ಯಾಗ್ರಹದಲ್ಲಿ ಅವರು ಸೆರೆಮನೆ ಸೇರಿದರು. 1931ರ ಗಾಂಧಿ-ಇರ್ವಿನ್ ಒಪ್ಪಂದದ ನಂತರ ಇತರ ರಾಜಕೀಯ ಕೈದಿಗಳು ಬಿಡುಗಡೆಯಾದರೂ ಅರುಣಾರನ್ನು ಬಿಡಲಿಲ್ಲ. ಅವರನ್ನು ಬಿಟ್ಟು ತಾವು ಹೊರಡುವುದಿಲ್ಲವೆಂದು ಜೊತೆಯ ಮಹಿಳಾ ಕೈದಿಗಳು ಹಟ ಹಿಡಿದರು. ಮರುವರ್ಷ ಮತ್ತೆ ಬಂಧಿತರಾದ ಅರುಣಾ, ರಾಜಕೀಯ ಕೈದಿಗಳ ದುಃಸ್ಥಿತಿಯ ವಿರುದ್ಧ ಜೈಲಿನಲ್ಲೇ ಉಪವಾಸ ಕುಳಿತರು.

1942ರ ಆಗಸ್ಟ್ 9ರ ಬೆಳಗ್ಗೆ ಕಾಂಗ್ರೆಸ್ ನಾಯಕರೆಲ್ಲ ಬಂಧಿತರಾಗಿದ್ದರು. ಬೊಂಬಾಯಿಯ ಗೊವಾಲಿಯಾ ಟ್ಯಾಂಕ್ ಮೈದಾನದಲ್ಲಿ ಧ್ವಜ ಹಾರಿಸಿದವರು ಅರುಣಾ. ಆಸಫ್ ಅಲಿ ನೆಹರೂ, ಆಝಾದರೊಂದಿಗೆ ಅಹ್ಮದನಗರ ಕೋಟೆಯಲ್ಲಿ ಸೆರೆಯಾಗಿದ್ದರೆ, ಪತ್ನಿ ಭೂಗತರಾಗಿ ಹೋರಾಟ ನಡೆಸಿದರು. ಸರಕಾರ ಅವರ ಆಸ್ತಿ ಮುಟ್ಟುಗೋಲು ಹಾಕಿ, ಹಿಡಿದುಕೊಟ್ಟವರಿಗೆ 5,000 ರೂಪಾಯಿ ಬಹುಮಾನ ಘೋಷಿಸಿತು. ಶರಣಾಗಲು ಗಾಂಧೀಜಿಯೇ ಸಲಹೆ ನೀಡಿದರೂ ಒಪ್ಪಲಿಲ್ಲ. ವಾರಂಟ್ ರದ್ದಾದ ಮೇಲೆ, 1946ರಲ್ಲಿ ಮಾತ್ರ ಹೊರಬಂದರು.

ಮುಂದೆ ಅವರು ಕಮ್ಯುನಿಸ್ಟ್ ಪಕ್ಷ ಸೇರಿದರು. 1956ರಲ್ಲಿ ಅದನ್ನೂ ಬಿಟ್ಟರು. 1953ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ರಾಯಭಾರಿಯಾಗಿದ್ದಾಗ ಆಸಫ್ ಅಲಿ ತೀರಿಕೊಂಡಿದ್ದರು. ಐದು ವರ್ಷಗಳ ನಂತರ ಅರುಣಾ ದೆಹಲಿಯ ಮೇಯರ್ ಆದರು. ದೇಶ ವಿಭಜನೆಯ ಸಂದರ್ಭದಲ್ಲಿ ರಕ್ತ ಹರಿದಿದ್ದ ನಗರವದು. ಹನ್ನೊಂದೇ ವರ್ಷಗಳಲ್ಲಿ ಅದರ ಮೇಯರ್ ಪೀಠದಲ್ಲಿ ‘ಆಸಫ್ ಅಲಿ’ ಎಂಬ ಹೆಸರು ಹೊತ್ತ ಮಹಿಳೆ ಕುಳಿತರು. ಇದು ಸಣ್ಣ ಸಂಗತಿಯಲ್ಲ.

1996ರಲ್ಲಿ ಅವರು ನಿಧನರಾದರು; ಮರುವರ್ಷ ಭಾರತ ರತ್ನ ಸಂದಿತು. ನಮ್ಮ ಪಠ್ಯಪುಸ್ತಕಗಳಲ್ಲಿ ಅವರು ಧ್ವಜ ಹಾರಿಸಿದ ಒಂದು ಬೆಳಗಿಗೆ ಸೀಮಿತರಾಗಿದ್ದಾರೆ. ಪತಿಯ ಹೆಸರನ್ನು ಕೊನೆತನಕ ಪ್ರೀತಿಯಿಂದ ಉಳಿಸಿಕೊಂಡೂ ಪತಿಯ ನೆರಳಾಗದೆ ಬದುಕಿದ ಪರಿ ಅಲ್ಲಿ ಕಾಣುವುದಿಲ್ಲ. ಅಂತರ್‌ಧರ್ಮೀಯ ವಿವಾಹವೆಂದರೆ ಹೆಣ್ಣಿನ ವ್ಯಕ್ತಿತ್ವವೇ ಕಳೆದುಹೋಗುತ್ತದೆಂದು ವಾದಿಸುವವರು ಈ ಬದುಕನ್ನು ಒಮ್ಮೆ ಪೂರ್ತಿಯಾಗಿ ಓದಬೇಕು.