ಕತ್ತಲಲ್ಲಿ ಇಳಿಯುವುದು

"ಏನೇ, ಹಗಲು ಹಾರಿದ್ದು ಸಾಲದಾ? ರಾತ್ರಿನೂ ಹಾರಬೇಕಾ?" ಸಾಗರದಿಂದ ಅಮ್ಮ ಫೋನಿನಲ್ಲಿ ಕೇಳಿದಳು. ನಿಮಿಷಕ್ಕಿಷ್ಟು ಎಂದು ದುಡ್ಡು ಓಡುತ್ತಿದ್ದ 1994ರ ಕಾಲ ಅದು. ಪೈಲಟ್ ಲೈಸೆನ್ಸಿಗೆ ರಾತ್ರಿ ಮೂರು ಗಂಟೆ ಹಾರಿರಬೇಕು, ಹತ್ತು ಸಲ ಇಳಿದಿರಬೇಕು, ಇಲ್ಲದಿದ್ದರೆ ಹಗಲಿಗಷ್ಟೇ ಲೈಸೆನ್ಸು ಎಂದು ವಿವರಿಸುವಷ್ಟು ಪುರುಸೊತ್ತು ಇರಲಿಲ್ಲ. "ಪರೀಕ್ಷೆ ಅಮ್ಮಾ" ಎಂದೆ. ಪರೀಕ್ಷೆ ಎಂದರೆ ನಮ್ಮ ಮನೆಯಲ್ಲಿ ಎಲ್ಲದಕ್ಕೂ ಒಪ್ಪಿಗೆ.

ನಾನಾಗ ಅಮೆರಿಕದ ಅಯೋವಾ ರಾಜ್ಯದಲ್ಲಿದ್ದೆ. ಎತ್ತ ನೋಡಿದರೂ ಜೋಳದ ಹೊಲ. ಅದೂ ಫೆಬ್ರವರಿಯಾದ್ದರಿಂದ ಹೊಲದ ತುಂಬ ಹಿಮ. ನನಗೆ ಕಲಿಸುತ್ತಿದ್ದಾಕೆ ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಹಾರುವ ಮೊದಲು ಅರ್ಧ ಗಂಟೆ ದೀಪವಿಲ್ಲದ ಕೋಣೆಯಲ್ಲಿ ಕೂರಿಸಿದಳು. ಕಣ್ಣು ಕತ್ತಲಿಗೆ ಒಗ್ಗಲು ಅಷ್ಟು ಹೊತ್ತು ಬೇಕು, ಒಂದು ಬಿಳಿ ಟಾರ್ಚು ಬೆಳಗಿದರೆ ಎಲ್ಲ ಹಾಳು. ಮಲೆನಾಡಿನ ಮಳೆಗಾಲದಲ್ಲಿ ಕರೆಂಟು ಹೋದಾಗ ಸ್ವಲ್ಪ ಹೊತ್ತಿಗೆ ಅಡಿಗೆಮನೆಯ ಪಾತ್ರೆಗಳು ಒಂದೊಂದಾಗಿ ಕಾಣತೊಡಗುತ್ತವಲ್ಲ, ಅದೇ ವಿದ್ಯೆ. ಮಂದವಾದ ವಸ್ತುವನ್ನು ನೇರ ನೋಡಬಾರದು, ಅದರ ಪಕ್ಕಕ್ಕೆ ನೋಡಬೇಕು ಎಂಬುದು ಮಾತ್ರ ಹೊಸದು.

ಸೆಸ್ನಾ 152 ಎಂಬ ಆ ಎರಡು ಸೀಟಿನ ವಿಮಾನ ನಮ್ಮೂರ ಅಂಬಾಸಿಡರ್ ಕಾರಿಗಿಂತ ಇಕ್ಕಟ್ಟು. ಊರಿನ ದೀಪಗಳು ಹಿಂದೆ ಸರಿದ ಮೇಲೆ ಚಂದ್ರನಿಲ್ಲದ ಆಕಾಶ, ಕೆಳಗೆ ಅಲ್ಲೊಂದು ಇಲ್ಲೊಂದು ರೈತರ ಮನೆಯ ದೀಪ. ಯಾವುದು ನಕ್ಷತ್ರ, ಯಾವುದು ಅಂಗಳದ ದೀಪ ಎಂದು ತಿಳಿಯದೆ ಹೋಯಿತು. ನಾನು ನೆಟ್ಟಗೆ ಹೋಗುತ್ತಿದ್ದೇನೆ ಎಂದೇ ಮೈಯೆಲ್ಲ ಹೇಳುತ್ತಿತ್ತು. "ಮುಂದೆ ನೋಡು" ಎಂದಳು ಆಕೆ. ಮುಂದಿನ ಫಲಕದಲ್ಲಿ ಕೃತಕ ದಿಗಂತವನ್ನು ತೋರಿಸುವ ಉಪಕರಣ, ವಿಮಾನ ಎಡಕ್ಕೆ ಮೂವತ್ತು ಡಿಗ್ರಿ ವಾಲಿದೆ ಎಂದು ತೋರಿಸುತ್ತಿತ್ತು. ಕಿವಿಯೊಳಗಿನ ದ್ರವ ನಿಧಾನವಾದ ವಾಲುವಿಕೆಯನ್ನು ಗುರುತಿಸುವುದೇ ಇಲ್ಲ. ನಾನು ಸರಿಪಡಿಸಿದಾಗ ಬಲಕ್ಕೆ ಬೀಳುತ್ತಿದ್ದೇನೆ ಎನಿಸಿ ಹೊಟ್ಟೆ ತೊಳಸಿತು. ಹುಷಾರಾಗಿದ್ದೇನೆ ಎಂದುಕೊಂಡೇ ನೆಲಕ್ಕೆ ಸುತ್ತುತ್ತ ಇಳಿದು ಸತ್ತವರು ಎಷ್ಟು ಜನವೋ.

ಆ ರಾತ್ರಿ ಮನೆಗೆ ಬಂದು ನಿದ್ದೆ ಬರಲಿಲ್ಲ. ಬಿಟ್ಟುಬಿಡೋಣ ಎಂದು ನಿರ್ಧರಿಸಿಯೂ ಆಗಿತ್ತು. ಮರುದಿನ ಆಕೆಗೆ ಹೇಳಿದೆ. ಆಕೆ ಸಮಾಧಾನ ಹೇಳಲಿಲ್ಲ. ಕಾಫಿ ಸುರಿದುಕೊಟ್ಟು, ಇದೇ ಆಕಾಶದಲ್ಲಿ ಹಾರಿದ ಜ್ಯಾಕ್ ನೈಟ್ ಎಂಬವನ ಕತೆ ಹೇಳಿದಳು. ಆಮೇಲೆ ಅದನ್ನು ನಾನು ಪುಸ್ತಕಗಳಲ್ಲಿ ಹುಡುಕಿ ಓದಿದೆ.

1921ರವರೆಗೆ ಅಮೆರಿಕದಲ್ಲಿ ಟಪಾಲು ಹಗಲು ವಿಮಾನದಲ್ಲಿ, ರಾತ್ರಿ ರೈಲಿನಲ್ಲಿ ಹೋಗುತ್ತಿತ್ತು. ಹೀಗಾದರೆ ವಿಮಾನಕ್ಕೆ ಸುಮ್ಮನೆ ದುಡ್ಡು ಸುರಿಯುವುದೇಕೆ ಎಂದು ಸಂಸತ್ತಿನಲ್ಲಿ ಗೊಣಗಾಟ. ಅಂಚೆ ಇಲಾಖೆ ಆ ವರ್ಷ ಫೆಬ್ರವರಿ 22ರಂದು ಪಣ ತೊಟ್ಟಿತು. ನ್ಯೂಯಾರ್ಕಿನಿಂದ ಎರಡು, ಸ್ಯಾನ್‌ಫ್ರಾನ್ಸಿಸ್ಕೊದಿಂದ ಎರಡು ವಿಮಾನ, ರಾತ್ರಿಯೂ ನಿಲ್ಲದೆ. ನೆವಾಡದ ಎಲ್ಕೊದಲ್ಲಿ ಒಬ್ಬ ಪೈಲಟ್ ಬಿದ್ದು ಸತ್ತ. ನ್ಯೂಯಾರ್ಕಿನಿಂದ ಹೊರಟವು ಷಿಕಾಗೊ ದಾಟಲಿಲ್ಲ. ಉಳಿದ ಒಂದು ಚೀಲವನ್ನು ನೆಬ್ರಾಸ್ಕದ ನಾರ್ತ್ ಪ್ಲಾಟಿನಲ್ಲಿ ರಾತ್ರಿ ಹತ್ತೂವರೆ ದಾಟಿದ ಮೇಲೆ ನೈಟ್ ಎತ್ತಿಕೊಂಡ. ತೆರೆದ ವಿಮಾನ, ಮೈ ಕೊರೆಯುವ ಚಳಿ, ನನಗಿದ್ದ ಕೃತಕ ದಿಗಂತ ಅವನಿಗಿಲ್ಲ. ದಾರಿ ತೋರಿಸಲು ಊರಿನವರು ಬೆಂಕಿ ಹಾಕಿ ಕಾದಿದ್ದರು.

ಒಮಾಹಾದಲ್ಲಿ ಅವನ ಸರದಿ ಮುಗಿಯಬೇಕಿತ್ತು. ಮುಂದಿನ ಪೈಲಟ್ ಬಂದೇ ಇರಲಿಲ್ಲ. ಅಲ್ಲಿಂದ ಷಿಕಾಗೊಗೆ ನೈಟ್ ಹಗಲಿನಲ್ಲೂ ಹಾರಿದವನಲ್ಲ. ರಸ್ತೆಯ ನಕ್ಷೆಯೊಂದನ್ನು ಹಿಡಿದು ಹೊರಟ. ಡೆ ಮೊಯಿನಿನಲ್ಲಿ ಹಿಮ ತುಂಬಿ ಇಳಿಯಲಾಗಲಿಲ್ಲ. ಅಯೋವಾ ಸಿಟಿಯ ಮೇಲೆ ಬಂದಾಗ ಪೆಟ್ರೋಲು ಮುಗಿಯುತ್ತ ಬಂದಿತ್ತು. ಹಾರಾಟ ರದ್ದಾಗಿದೆ ಎಂದುಕೊಂಡು ಅಲ್ಲಿನವರೆಲ್ಲ ಬೆಂಕಿ ಆರಿಸಿ ಮನೆಗೆ ಹೋಗಿದ್ದರು. ರಾತ್ರಿ ಕಾವಲುಗಾರನೊಬ್ಬ ಮಾತ್ರ ಉಳಿದಿದ್ದ. ಎಂಜಿನ್ನಿನ ಸದ್ದು ಕೇಳಿ ಆತ ಒಂದು ದೊಂದಿ ಹಚ್ಚಿದ. ಆ ಒಂದೇ ಬೆಳಕಿಗೆ ನೈಟ್ ಇಳಿದ, ಪೆಟ್ರೋಲು ತುಂಬಿಸಿಕೊಂಡ, ಬೆಳಿಗ್ಗೆ ಷಿಕಾಗೊ ಮುಟ್ಟಿದ. ಒಟ್ಟು 33 ಗಂಟೆ 20 ನಿಮಿಷದಲ್ಲಿ ಟಪಾಲು ದೇಶ ದಾಟಿ ನ್ಯೂಯಾರ್ಕ್ ಸೇರಿತು. ಸಂಸತ್ತು ಹಣ ಕೊಟ್ಟಿತು. ದೀಪಸ್ತಂಭಗಳ ಸಾಲು ಎದ್ದು, 1924ರ ಜುಲೈ 1ರಿಂದ ದಿನನಿತ್ಯದ ರಾತ್ರಿ ಹಾರಾಟ ಶುರುವಾಯಿತು. ನೈಟ್ ಹೆಸರು ಪುಸ್ತಕಗಳಲ್ಲಿದೆ. ಕಾವಲುಗಾರ ನಾನು ಓದಿದ ಕಡೆಯೆಲ್ಲ ಬರೀ "ಕಾವಲುಗಾರ".

ನಮ್ಮಲ್ಲೂ 1949ರ ಜನವರಿ 30ರಿಂದ ರಾತ್ರಿ ಟಪಾಲು ವಿಮಾನಗಳಿದ್ದವು. ದೆಹಲಿ, ಮುಂಬಯಿ, ಕಲಕತ್ತಾ, ಮದ್ರಾಸುಗಳಿಂದ ಡಕೋಟಾಗಳು ಹೊರಟು, ನಡುರಾತ್ರಿ ನಾಗಪುರದಲ್ಲಿ ಸೇರಿ, ಚೀಲ ಬದಲಿಸಿಕೊಂಡು ಬೆಳಗಾಗುವುದರೊಳಗೆ ಹಿಂತಿರುಗುತ್ತಿದ್ದವು. ಮದುವೆಯಾದ ಹೊಸತರಲ್ಲಿ ಅಪ್ಪ ದೆಹಲಿಯಲ್ಲಿದ್ದರು. ಅವರ ಕಾಗದಗಳೂ ನಾಗಪುರದ ಕತ್ತಲಲ್ಲಿ ವಿಮಾನ ಬದಲಿಸಿದ್ದಿರಬೇಕು. ಅಮ್ಮನಿಗೆ ಗೊತ್ತಿದ್ದುದು ಪೋಸ್ಟ್‌ಮ್ಯಾನನ ಸೈಕಲ್ಲಿನ ಗಂಟೆ ಮಾತ್ರ.

ಮುಂದಿನ ವಾರ ಮತ್ತೆ ಹೋದೆ. ಇಳಿಯುವುದು ಸುಲಭವಾಗಲಿಲ್ಲ. ರನ್‌ವೇ ಅಂಚಿನ ದೀಪಗಳು ಕಾಣುತ್ತವೆ, ನೆಲ ಕಾಣುವುದಿಲ್ಲ. ಒಮ್ಮೆ ನೆಲ ಬಂತೆಂದು ಮೂಗು ಎತ್ತಿಬಿಟ್ಟೆ, ಇನ್ನೂ ಎಂಟು ಹತ್ತು ಅಡಿ ಇತ್ತು. ವಿಮಾನ ಧೊಪ್ಪನೆ ಕುಳಿತು ಹಲ್ಲು ಕಟಕಟಿಸಿತು. ಆಕೆ "ನಾಲ್ಕು" ಎಂದು ಎಣಿಸಿದಳು, ಅಷ್ಟೇ.

ಹತ್ತನೆಯದಕ್ಕೆ ಸಮೀಪದ ಪುಟ್ಟ ನಿಲ್ದಾಣವೊಂದಕ್ಕೆ ಕರೆದೊಯ್ದಳು. ಕೆಳಗೆ ಬರೀ ಕತ್ತಲು. ರೇಡಿಯೊದ ಗುಂಡಿಯನ್ನು ಬೇಗ ಬೇಗ ಏಳು ಸಲ ಒತ್ತು ಎಂದಳು. ಒತ್ತಿದೆ. ಎರಡು ಸಾಲು ಬಿಳಿ ದೀಪ ಒಮ್ಮೆಗೇ ಹತ್ತಿಕೊಂಡಿತು. ಮೆಲ್ಲಗೆ ಇಳಿದೆ. ಎಂಜಿನ್ ನಿಲ್ಲಿಸಿ ಹೊರಗೆ ಬಂದು ನಿಂತರೆ ಒಂದು ನರಪಿಳ್ಳೆ ಇಲ್ಲ.

ಭಾನುವಾರ ಅಮ್ಮನಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಪಾಸಾದದ್ದಕ್ಕೆ ಸಂತೋಷಪಟ್ಟಳು. ಆಮೇಲೆ ಕೇಳಿದಳು, "ಹಾಗಾದ್ರೆ ಆ ದೀಪ ಆರಿಸಿದ್ದು ಯಾರೇ?"

"ಅದೇ ಆರುತ್ತಮ್ಮ, ಹದಿನೈದು ನಿಮಿಷಕ್ಕೆ."

"ಒಬ್ಬರೂ ಇಲ್ವಾ ಅಲ್ಲಿ? ಇನ್ಮೇಲೆ ಅಂಥಾ ಕಡೆ ಇಳೀಬೇಡ ಮಾರಾಯ್ತಿ" ಎಂದಳು ಅಮ್ಮ.